ಹತ್ತನೆಯ ಬೆರಳು

ಟೋಕನ್ ಮೂವತ್ತೇಳು, ಖಮರುನ್ನಿಸಾ.
ಬನ್ನಿ ಅಜ್ಜಿ, ಅಂದೆ.
ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಕಾರ್ಡು ಮಾಡುವ ಕಿಟಕಿ,
ಒಳಗಡೆ ನಾನು.
ಹೆಬ್ಬೆರಳು ಒತ್ತಿ. ಒತ್ತಿದಳು. ಕೆಂಪು ದೀಪ.
ಸೆರಗಿಗೆ ಒರೆಸಿ, ಇನ್ನೊಂದ್ಸಲ.
ಕೆಂಪು.

ಕೈ ಹಿಡಿದು ತಿರುಗಿಸಿ ನೋಡಿದರೆ
ಗೆರೆಯೇ ಇಲ್ಲ.
ಬಟ್ಟೆ ಒಗೆದೊಗೆದು ಸವೆದ ಕಲ್ಲಿನ ಹಾಗೆ
ನುಣ್ಣಗೆ, ಬೆಳ್ಳಗೆ, ಅಂಚಿಗೆ ಮಾತ್ರ ಬಿರುಕು.
ಇಪ್ಪತ್ತಾರು ವರ್ಷ ಕುದಿನೀರಿನ ಬೇಸಿನ್ನಿನಲ್ಲಿ
ಗೂಡಿನ ಎಳೆ ತಡಕಿದ ಬೆರಳು.
ಒಂದು ಗೂಡಿಗೆ ಸಾವಿರ ಗಜ ನೂಲಂತೆ.
ಅಷ್ಟುದ್ದದ ದಾರಿಯಲ್ಲಿ
ಅವಳದು ಎಲ್ಲಿ ಬಿಚ್ಚಿಹೋಯಿತೋ.

ಬೆಳಿಗ್ಗೆ ಹಾಜರಿ ಯಂತ್ರಕ್ಕೆ ನನ್ನ ಹೆಬ್ಬೆರಳು
ತಾಕಿತ್ತಷ್ಟೆ; ಹಸಿರು.

ಕೆಮ್ಮು ಯಾವಾಗಿನಿಂದ ಅಂತ ಯಾಕೆ ಕೇಳಿದೆನೋ,
ಫಾರಂನಲ್ಲಿ ಆ ಕಾಲಂ ಇಲ್ಲ.
ಅವಳದು ವರ್ಷದ ಲೆಕ್ಕವಲ್ಲ, ಸಾಹುಕಾರರ ಲೆಕ್ಕ.
"ಮೊದಲನೇ ಸಾಹುಕಾರ್ರ ಹತ್ರ ಇರಲಿಲ್ಲಮ್ಮ.
ಎರಡನೆಯವರು ಕಿಟಕಿ ಮುಚ್ಚಿಸಿದರು,
ಗಾಳಿಗೆ ಎಳೆ ಹರಿಯುತ್ತೆ ಅಂತ.
ಅವಾಗಿಂದ."

ಡಾಕ್ಟರ ಚೀಟಿ ನಾನೇ ಓದಿ ಹೇಳಿದೆ:
ಹಬೆಯಿಂದ ದೂರ ಇರಬೇಕು,
ಕೈ ಒಣಗಿರಬೇಕು,
ಗಾಳಿಯಾಡುವ ಕೋಣೆಯಲ್ಲಿ ಮಲಗಬೇಕು.
ತಲೆಯಾಡಿಸಿದಳು,
ದೂರದೂರಿನ ಮದುವೆಗೆ ಯಾರೋ ಕರೆದಾಗ
ಬರ್ತೀನಿ ಬರ್ತೀನಿ ಅನ್ನುವ ಹಾಗೆ.

ಹಿಂದೆ ಸಾಲು ಗೊಣಗುತ್ತಿತ್ತು.
ಒಂದೊಂದೇ ಬೆರಳು, ಒಂಬತ್ತು ಆಯಿತು.
ಒಂಬತ್ತೂ ಅವಳಲ್ಲ.
ಎಡಗೈ ಕಿರುಬೆರಳು:
ಹಸಿರು!
ಪರದೆ ತುಂಬ ಅವಳ ಹೆಸರು, ಗಂಡನ ಹೆಸರು, ಹುಟ್ಟಿದ ವರ್ಷ.
ನನಗಿಂತ ಮೂರು ವರ್ಷ ಚಿಕ್ಕವಳು.

"ಅದು ನೀರಿಗೆ ಇಳಿಯೋದಿಲ್ಲ, ಸೋಮಾರಿ."
ನಗಲು ಹೋಗಿ ಕೆಮ್ಮಿದಳು, ಕೆಮ್ಮಿನ ನಡುವೆ ನಕ್ಕಳು.
"ದುಡಿದ ಒಂಬತ್ತು ಜನ ಯಾರೋ ಏನೋ,
ಸುಮ್ನೆ ಕೂತವನ ಗುರುತು ಸಿಕ್ತಾ ಸರ್ಕಾರಕ್ಕೆ?"

ಲ್ಯಾಮಿನೇಷನ್ನಿನ ಬಿಸಿ ಆರದ ಕಾರ್ಡು.
ನಾನು ಅಂಚು ಹಿಡಿದು ಕೊಟ್ಟೆ.
ಅವಳು ಇಡೀ ಅಂಗೈಯಲ್ಲಿ ಹಿಡಿದಳು, ಏನೂ ಆಗದವಳಂತೆ.
ಆಪರೇಷನ್ನಿಗೆಲ್ಲ ಆಗುತ್ತೆ, ಜೋಪಾನ, ಅಂದೆ, ಅಮ್ಮ ಎನ್ನಲೋ
ತಂಗಿ ಎನ್ನಲೋ ತಿಳಿಯದೆ.
ಕಿಟಕಿ ತೆಗೆಸೋದಕ್ಕೆ ಆಗುತ್ತಾ
ಅಂತ ಅವಳು ಕೇಳಲಿಲ್ಲ.

ಹೋದಮೇಲೆ ಗಾಜಿನ ಮೇಲೆ ಒಂದಿಷ್ಟು ತೇವ,
ಬೆಂದ ಹುಳದ ವಾಸನೆ.
ಒರೆಸಲು ಸೆರಗೆಳೆದೆ;
ಇವತ್ತು ಹೆಡ್‌ಕ್ಲರ್ಕು ಬೀಳ್ಕೊಡುಗೆ,
ಎಲ್ಲರೂ ರೇಷ್ಮೆ ಉಟ್ಟು ಬರೋಣ ಎಂದಿದ್ದೆವು.
ಸೆರಗು ಬಿಟ್ಟು
ಅಂಗೈಯಿಂದಲೇ ಒರೆಸಿದೆ.
ಟೋಕನ್ ಮೂವತ್ತೆಂಟು.