ಎತ್ತಿದ ಕೈ

ಕಾರ್ವಿನ್ ಲೂಪಿನಲ್ಲಿ ಗಡಿ ಎಂದರೆ
ತುಕ್ಕು ಹಿಡಿದ ಒಂದು ತಗಡು.
ಗುಂಡೇಟಿನ ಮೂರು ತೂತು, ಯಾರೋ ಬೇಸರದ ಹುಡುಗರದು.
ಈಚೆ ಒಂದು ರಾಜ್ಯ, ಆಚೆ ಇನ್ನೊಂದು,
ನಡುವೆ ಅದೇ ಕೆಂಪು ಮರಳು, ಅದೇ ಮ್ಯಾಲೀ ಕುರುಚಲು,
ಯಾರನ್ನೂ ಕೇಳದೆ ಎರಡೂ ಕಡೆ ಮೇಯುವ ಎಮುಗಳು.

ನಲವತ್ತೆರಡು ವ್ಯಾಗನ್ ಗೋಧಿ ಎಳೆದುಕೊಂಡು
ಅಲ್ಲಿಗೆ ಬಂದಾಗ ನಾನು ಮಾಡಬೇಕಿದ್ದದ್ದು:
ರೇಡಿಯೊ ಬದಲಿಸುವುದು,
ಗಡಿಯಾರ ಅರ್ಧ ಗಂಟೆ ಹಿಂದಿಡುವುದು,
ನೀಲಿ ಪುಸ್ತಕ ಚೀಲದೊಳಗೆ, ಹಳದಿ ಪುಸ್ತಕ ಹೊರಗೆ.
ನೀಲಿಯಲ್ಲಿ ಮನುಷ್ಯ ದಣಿಯಲು ಹನ್ನೊಂದು ಗಂಟೆ ಬೇಕು,
ಹಳದಿಯಲ್ಲಿ ಹನ್ನೆರಡು.
ತಗಡು ದಾಟಿದರೆ ಒಂದು ಗಂಟೆಯ ದಣಿವು ಮಾಫಿ.
ನಗುತ್ತಿದ್ದೆವು, ಫ್ಲಾಸ್ಕಿನ ಚಹಾ ಹೀರುತ್ತ.

ಆ ಬೆಳಿಗ್ಗೆ ತಗಡು ದಾಟಿ ಹತ್ತು ನಿಮಿಷ.
ತಿರುವಿನ ಮುಂಚೆ ಡಾರ್ಕೊ ಪೆಟ್ರೆಸ್ಕಿ ನಿಂತಿದ್ದ.
ಈಚೆಯವನು, ಒಂದು ವಾರಕ್ಕೆಂದು ಆಚೆಯವರಿಗೆ ಕಡ ಕೊಟ್ಟವನು.
ಹಳಿ ಕಾಯುವುದರಲ್ಲಿ ಎತ್ತಿದ ಕೈ ಎನ್ನುತ್ತಿದ್ದರು.
ಎತ್ತಿದ.
ಬಲಗೈ, ನೆಟ್ಟಗೆ, ಅಂಗೈ ಬಿಚ್ಚಿ.

ನೀಲಿ ಪುಸ್ತಕದಲ್ಲಿ ಅದರ ಅರ್ಥ: ನಿಲ್ಲು.
ಹಳದಿಯಲ್ಲಿ: ಹಳಿ ಖಾಲಿ, ಆಳುಗಳು ಬದಿಗೆ ಸರಿದಿದ್ದಾರೆ,
ಒಂದು ಸಿಳ್ಳೆ ಹಾಕಿ ಮುಂದೆ ಹೋಗು.
ನನಗೆ ಎರಡೂ ಬಾಯಿಪಾಠ.
ಹೊರಗಿದ್ದದ್ದು ಹಳದಿ.
ಸಿಳ್ಳೆ ಹಾಕಿದೆ,
ಚಿಕ್ಕದು, ಸ್ನೇಹದ್ದು.
ಅವನು ಇನ್ನೊಂದು ಕೈಯನ್ನೂ ಎತ್ತುವ ಹೊತ್ತಿಗೆ
ನನ್ನ ಕಿಟಕಿ ಅವನನ್ನು ದಾಟಿತ್ತು.

ತಿರುವಿನಾಚೆ ಟೆವಿಟಾ ಮೊಣಕಾಲೂರಿ ಬೋಲ್ಟ್ ಬಿಗಿಯುತ್ತಿದ್ದ.
ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.
ಗೋಧಿ ತುಂಬಿದ ರೈಲು ನಿಲ್ಲಲು ಒಂದೂಕಾಲು ಕಿಲೋಮೀಟರು ಬೇಕು.
ಸೋರಿದ ಕಾಳು ಹೆಕ್ಕಲು ಹಿಂದಿನಿಂದ
ಗುಲಾಬಿ ಎದೆಯ ಗಲಾ ಹಕ್ಕಿಗಳು ಬಂದವು, ದಿನದಂತೆ.

ಎರಡು ರಾಜಧಾನಿಯಲ್ಲಿ ಎರಡು ವಿಚಾರಣೆ.
ಒಂದು ವರದಿ: ಪೆಟ್ರೆಸ್ಕಿ ನಿಯಮ ಪಾಲಿಸಿದ್ದಾನೆ.
ಇನ್ನೊಂದು: ಚಾಲಕಿ ಹಚಿಂಗ್ಸ್ ನಿಯಮ ಪಾಲಿಸಿದ್ದಾಳೆ.
ಎರಡು ಸರ್ಕಾರಗಳೂ ಕೈ ಎತ್ತಿದವು.
ಲಕೋಟೆ ಎರಡನ್ನೂ ಮಡಿಲಲ್ಲಿಟ್ಟುಕೊಂಡು
ಟೆವಿಟಾನ ಹೆಂಡತಿ ಸೆಲು ನನ್ನನ್ನೇ ಕೇಳಿದಳು:
ಹಾಗಾದರೆ ನಿಯಮ ಮುರಿದದ್ದು ನನ್ನ ಗಂಡನೇ?

ಒಂಬತ್ತು ವರ್ಷದ ಮೇಲೆ ಅಡಿಲೇಡಿನಲ್ಲಿ
ದೇಶಕ್ಕೆಲ್ಲ ಒಂದೇ ಪುಸ್ತಕ ಮಾಡುವ ಸಭೆ.
ದಪ್ಪ ಜಮಖಾನ, ನೀರಿನ ಹೂಜಿ, ರಾಜ್ಯಕ್ಕೊಬ್ಬ ವಕೀಲ.
ಬೆಳಗೆಲ್ಲ ಹಳಿ ಎಂದರೇನು ಎಂಬುದಕ್ಕೇ ಹೋಯಿತು,
ಬದಿಯ ಜಲ್ಲಿ ಹಳಿಯೋ ಅಲ್ಲವೋ.
ಒಬ್ಬರು ‘ತಕ್ಕಮಟ್ಟಿಗೆ’ ಎಂಬ ಪದ ಸೇರಿಸಿದರು, ಇನ್ನೊಬ್ಬರು ತೆಗೆಸಿದರು,
ಊಟ ಮುಗಿಸಿ ಬಂದರೆ ಅದು
ಬೇರೊಂದು ವಾಕ್ಯದಲ್ಲಿ ಕಾಲು ಚಾಚಿ ಕೂತಿತ್ತು.

ಕೈ ಸಂಜ್ಞೆಗಳ ಅಧ್ಯಾಯ ಮುಂದಿನ ವರ್ಷಕ್ಕಿರಲಿ
ಎಂದರು ಯಾರೋ, ಕಾಗದ ಜೋಡಿಸುತ್ತ.
ಹಿಂದಿನ ಸಾಲಿನಲ್ಲಿ ಡಾರ್ಕೊ ಎದ್ದ. ತಲೆ ಪೂರ್ತಿ ನೆರೆತಿತ್ತು.
ಬಲಗೈ, ನೆಟ್ಟಗೆ, ಅಂಗೈ ಬಿಚ್ಚಿ.
ಮಾತಿಲ್ಲ.
ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ ನಕ್ಕರು:
ಒಂದು ನಿಮಿಷ ಸಾರ್, ನಿಮ್ಮ ಸರದಿ ಬರುತ್ತದೆ.
ಆಮೇಲೆ, ಮುಂದೂಡುವುದರ ಪರ ಇರುವವರು ಕೈ ಎತ್ತಿ ಎಂದರು.
ಎತ್ತಿದರು.
ಅವನದ್ದನ್ನೂ ಎಣಿಸಿದರು.

ಪುಸ್ತಕ ಬಂತು, ಇನ್ನೂ ಮೂರು ವರ್ಷಕ್ಕೆ.
ಬಿಳಿ ರಟ್ಟು. ಒಳ್ಳೆಯ ಪುಸ್ತಕ, ಸುಳ್ಳು ಹೇಳಬಾರದು.
ಅರವತ್ತೊಂದನೇ ಪುಟದಲ್ಲಿ ಎರಡೂ ಕೈ ಎತ್ತಿ ನಿಂತ ಮನುಷ್ಯ,
ಮೂಗಿಲ್ಲ, ಬಾಯಿಲ್ಲ, ಎಲ್ಲ ರಾಜ್ಯದಲ್ಲೂ ಅವನೊಬ್ಬನೇ.

ತಗಡು ಇನ್ನೂ ಇದೆ. ಅರ್ಧ ಗಂಟೆಯೂ ಇದೆ.
ಅಲ್ಲಿಗೆ ಬಂದಾಗ ಕೈ ತಾನಾಗಿ ಚೀಲದ ಕಡೆ ಹೋಗುತ್ತದೆ,
ಬದಲಿಸಲು ಏನೂ ಇಲ್ಲದೆ ತಿರುಗಿ ಬರುತ್ತದೆ.
ಮುಂದಿನ ಗೇಟಿನಲ್ಲಿ ಶಾಲೆ ಬಸ್ಸಿನ ಮಕ್ಕಳು
ಒಂದೊಂದೇ ಕೈ ಎತ್ತಿ ಸಿಳ್ಳೆ ಬೇಡುತ್ತವೆ.
ನಾನು ಬ್ರೇಕಿನ ಮೇಲೆ ಕೈಯಿಡುತ್ತೇನೆ.