ಏಳು ಪೌಂಡಿನ ರಸೀದಿ

ತಿಂಗಳ ಮೊದಲ ಶುಕ್ರವಾರ ಶುಬ್ರಾದ ಈ ಮೆಟ್ಟಿಲು ಹತ್ತುತ್ತೇನೆ.
ಅಜ್ಜ ಕಟ್ಟಿಸಿದ ಕಟ್ಟಡ. ಲಿಫ್ಟು
ನಾನು ಹುಟ್ಟುವ ಮೊದಲೇ ಮೂರನೇ ಮಹಡಿಯಲ್ಲಿ ನಿಂತುಬಿಟ್ಟಿದೆ,
ಅದರೊಳಗೆ ಯಾರೋ ಈರುಳ್ಳಿ ತೂಗುಹಾಕಿದ್ದಾರೆ.

ತೌಹೀದಾ ಏಳು ಪೌಂಡು ಎಣಿಸಿ ಕೊಡುತ್ತಾಳೆ,
ಅವಳ ಮಾವ ಐವತ್ತೆಂಟರಲ್ಲಿ ಒಪ್ಪಿದ್ದು.
ನಾನು ರಸೀದಿ ಹರಿದು ಕೊಡುತ್ತೇನೆ.
'ಮೇಲಿನ ಪೈಪು ಸೋರುತ್ತೆ.'
'ಗೊತ್ತು.'
ಏಳು ಪೌಂಡಿಗೆ ಬೊಗಸೆ ಸಿಮೆಂಟೂ ಬಾರದೆಂದು
ಅವಳಿಗೂ ಗೊತ್ತು. ಬಕೆಟ್ಟು ತುಂಬುತ್ತಿರುತ್ತದೆ.

ಅವಳ ಪಿಂಚಣಿ ಎಷ್ಟೆಂದು ನಾನು ಕೇಳುವುದಿಲ್ಲ,
ನನ್ನ ಬಾಡಿಗೆ ಎಷ್ಟೆಂದು ಅವಳೂ:
ಊರಾಚೆ, ಮರಳು ಬಡಿಯುವ ಹತ್ತನೇ ಮಹಡಿ, ಎರಡು ಕೋಣೆ,
ಅರ್ಧ ಸಂಬಳ, ವರ್ಷಕ್ಕೊಮ್ಮೆ ಹೊಸ ಕರಾರು.

ಎದುರು ಮನೆಗೆ ಬೀಗ. ಅವರು ಕುವೈತಿಗೆ ಹೋಗಿ ಇಪ್ಪತ್ತು ವರ್ಷ.
ಬಿಟ್ಟರೆ ಮತ್ತೆ ಸಿಕ್ಕೀತೆ?
ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ, ಅಂಚೆಯಲ್ಲಿ.

ಕಾನೂನು ಬದಲಾಗುತ್ತಂತೆ.
ತೌಹೀದಾ ಟೀ ತಂದಳು, ಪುದೀನ ಹಾಕಿ;
ಪುದೀನದ ಕಟ್ಟಿಗೇ ಈಗ ಹತ್ತು ಪೌಂಡು.
ನನ್ನನ್ನು ಹೊರಹಾಕುತ್ತೀಯಾ ಎಂದು ಕೇಳಲಿಲ್ಲ.
ಸಕ್ಕರೆ ಎಷ್ಟು ಎಂದಳು.
ಎರಡು ಚಮಚ ಅಂದೆ.
ಮೂರು ಹಾಕಿದಳು.