ಅಗಸೆ ಎಣ್ಣೆ

ಮಂಡಿಪೇಟೆಯ ನನ್ನ ಅಂಗಡಿಗೆ ಬರುವವರು
ದೇವರ ಪಟಕ್ಕೆ ಗಾಜು ಹಾಕಿಸಲು,
ಇಲ್ಲಾ, ತೀರಿಕೊಂಡವರಿಗೆ ಕಟ್ಟು ಕಟ್ಟಿಸಲು.
ಆಕೆ ಬಂದದ್ದು ಏನೂ ಇಲ್ಲದ ಬಟ್ಟೆ ಹಿಡಿದು.

"ಬೆಲಾರೂಸಿನವರು, ಮೌನೇಶಾಚಾರ್ರೇ," ಅಂದ ತಿಪ್ಪೇಶಿ,
ಚಿತ್ರಕಲಾ ಕಾಲೇಜಿನ ಹುಡುಗ, ಮೂರನೇ ವರ್ಷ.
"ಶಿಬಿರಕ್ಕೆ ಬಂದಾರೆ. ಹೆಸರು ವೋಲ್ಹಾ."
ಓಲಗ ಅಂತ ಕೇಳಿಸಿತು ನನಗೆ. ಇವತ್ತಿಗೂ ಹಾಗೇ ನೆನಪು.

ಮಾತಾಡಲಿಲ್ಲ. ಮೂಗರಳಿಸಿ ನಿಂತಳು.
ತೇಗದ ಪಟ್ಟಿಗೆ ಆಗಷ್ಟೇ ಉಜ್ಜಿದ್ದ ಅಗಸೆ ಎಣ್ಣೆಯ ಡಬ್ಬಿ,
ಮುಚ್ಚಳ ಎತ್ತಿ ಮೂಸಿದಳು
ತವರಿನ ಬಾಗಿಲು ತೆಗೆದವರ ಹಾಗೆ.

ನಮಗೆ ಅಗಸೆ ಅಂದರೆ ಚಟ್ನಿಪುಡಿ, ರೊಟ್ಟಿಯ ಪಕ್ಕ ಒಂದು ಗುಡ್ಡೆ.
ಅವಳೂರಲ್ಲಿ ಅದು ಹೊಲ: ಬೆಳಗ್ಗೆ ನೀಲಿ,
ಮಧ್ಯಾಹ್ನಕ್ಕೆ ದಳ ಉದುರಿ ಬರೀ ಹಸಿರು.
ಕಾಂಡ ಕೊಳೆಸಿ, ಬಡಿದು, ಹಿಕ್ಕಿ, ನಾರು ತೆಗೆದು
ಅಜ್ಜಿ ನೇಯುತ್ತಿದ್ದ ಬಟ್ಟೆ ಇಂಥದ್ದೇ ಅಂತ
ನನ್ನ ಕೈಗಿಟ್ಟಳು. ಒರಟು. ಬೆಕ್ಕಿನ ನಾಲಿಗೆ.
ಬಟ್ಟೆಯೂ ಅದರದ್ದೇ, ಬಣ್ಣ ಕಲಸುವ ಎಣ್ಣೆಯೂ ಅದರದ್ದೇ;
ಒಂದು ಗಿಡ ತನ್ನ ಮೈಮೇಲೆ ತಾನೇ ಬರೆದುಕೊಂಡಂತೆ.

ಊರು ಯಾಕೆ ಬಿಟ್ಟಿರಿ ಅಂದೆ.
ಬಹಳ ಹೊತ್ತು ಹೇಳಿದಳು, ಕೈಯಾಡಿಸಿ, ನಡುವೆ ಒಮ್ಮೆ ನಕ್ಕು.
ತಿಪ್ಪೇಶಿ ನೆಲ ನೋಡುತ್ತ ಕನ್ನಡ ಮಾಡಿದ:
"ಹೋಗಂಗಿಲ್ಲಂತೆ."

ಎಲ್ಲರೂ ದುರ್ಗದ ಕೋಟೆ ನೋಡಲು ಬಸ್ಸು ಹತ್ತಿದ ದಿನ
ಆಕೆ ಮಂಡಕ್ಕಿ ಭಟ್ಟಿಗೆ ಹೋದಳು.
ಮಸಿ ಗೋಡೆ, ಹೊಟ್ಟಿನ ಉರಿ, ಕಾದ ಮರಳು,
ಅಕ್ಕಿ ಸುರಿದ ಕೂಡಲೇ ಚಟಪಟ ಎದ್ದುಬರುವ ಬಿಳಿ.
ಕುಂಚ ಮುಟ್ಟಲಿಲ್ಲ. ಬರೀ ಅಲಗು,
ಕರಣೆಯಲ್ಲಿ ಗಾರೆ ಮೆತ್ತುವವರ ಹಾಗೆ
ಮೆತ್ತಿ, ಕೆರೆದು, ಮತ್ತೆ ಮೆತ್ತಿ.
ಬಿಳಿಯಲ್ಲೇ ಎಷ್ಟು ಬಿಳಿ! ಹಾಲಿನದು, ಮೂಳೆಯದು, ಹೊಗೆ ಕುಡಿದದ್ದು.
ಬೂಬಮ್ಮ ಜರಡಿ ಬಿಟ್ಟು ಬಗ್ಗಿ ನೋಡಿ
"ನಾನೆಲ್ಲಿದೀನಿ ಇದರಾಗೆ?" ಅಂದಳು.
ಆ ಹಿಮದ ನಡುವೆ ಬೆರಳಗಲ ಕೆಂಪು, ಅವಳ ಸೆರಗು.
"ಅಷ್ಟೇನಾ?"
"ಅಷ್ಟಿದ್ದರೆ ಸಾಕು, ದೂರಕ್ಕೂ ಕಾಣುತ್ತೀ," ಅಂದಳಂತೆ.

ಕಟ್ಟು ಹಾಕಲು ತಂದಾಗ ಕಂಡೆ:
ಕೆಳಗೆ ಎಡಮೂಲೆ ಖಾಲಿ. ಬಣ್ಣ ಸೋಕಿಲ್ಲ, ಬರೀ ಎಳೆ.
ಮರೆತಿರಿ, ಅಂದೆ.
ಇಲ್ಲ, ಪ್ರತಿ ಚಿತ್ರದಲ್ಲೂ ಬಿಡುತ್ತೇನೆ,
ನೇಯ್ದವರ ಪಾಲು ಅದು.

ನನ್ನಪ್ಪ ಬಡಗಿ ಕುಲ ಬಿಟ್ಟು ಕಾಟನ್ ಮಿಲ್ಲು ಸೇರಿದವನು.
ಇಪ್ಪತ್ತೊಂಬತ್ತು ವರ್ಷ ಮಗ್ಗದ ಮುಂದೆ.
ಸೈರನ್ ನಿಂತ ಮೇಲೂ ಆರಕ್ಕೇ ಏಳುತ್ತಿದ್ದ;
ಬಸ್ಸಿನಲ್ಲಿ ಯಾರದೋ ಅಂಗಿಯ ತುದಿ ಬೆರಳಲ್ಲಿ ತಿಕ್ಕಿ ನೋಡಿ
ಬೈಸಿಕೊಂಡದ್ದುಂಟು.
ಅವನು ನೇಯ್ದದ್ದರ ಮೇಲೆ ಹೂ ಅಚ್ಚಾಗುತ್ತಿತ್ತು.
ಬಟ್ಟೆ ಚೆನ್ನಾಗಿದೆ ಅಂದವರು
ಹೂವಿಗೇ ಅಂದದ್ದು.

ಅಳತೆಗೆ ಕೊಯ್ದ ಪಟ್ಟಿ ಇಟ್ಟರೆ ಆ ಮೂಲೆ ಮುಚ್ಚಿಹೋಗುತ್ತದೆ.
ನಾಲ್ಕು ಮೂಲೆ ಕೂಡಿಸುವುದೇ ನನ್ನ ವಿದ್ಯೆ, ನಲವತ್ತು ವರ್ಷ.
ಅವತ್ತು ಮೂರಕ್ಕೇ ಉಳಿ ಕೆಳಗಿಟ್ಟೆ.

ಒಂದು ಸಣ್ಣ ಚಿತ್ರ ನನಗೇ ಬಿಟ್ಟುಹೋದಳು.
ಗಲ್ಲಾದ ಮೇಲೆ ತೂಗುಹಾಕಿದ್ದೇನೆ.
"ಆಚಾರ್ರೇ, ಕಟ್ಟು ಬಿಟ್ಟೈತೆ ನೋಡ್ರಿ" ಅನ್ನುತ್ತಾರೆ ಬಂದವರೆಲ್ಲ.
ಹೌದಾ, ನೋಡ್ತೀನಿ, ಅನ್ನುತ್ತೇನೆ.

ದಪ್ಪಗೆ ಮೆತ್ತಿದ ಕಡೆ ಇನ್ನೂ ಒಣಗಿಲ್ಲ.
ರಾತ್ರಿ ಶೆಟರ್ ಎಳೆದ ಮೇಲೆ
ವಾಸನೆ ಬರುತ್ತದೆ.